ನನ್ನ ರೆಸ್ಯೂಮೆ ಬರೆದ ನಾಲ್ವರು

ನಿನ್ನ ಕೈಲಿ ಆಗಲ್ಲ ಎಂದು ನನಗೆ ಮೊದಲು ಹೇಳಿದವರು ನಮ್ಮ ಅಕ್ಕನ ಗಂಡ, ಸೋಲದೇವನಹಳ್ಳಿಯ ಭಾವ. ಒಂದು ಸಲ ಹೇಳಿ ಸುಮ್ಮನಾಗುವ ಜನ ಅಲ್ಲ ಅವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮುಂದೆ ಗಾರ್ಮೆಂಟ್ಸ್ ಸೇರಿದಾಗ ಹೇಳಿದರು. ಹೆಲ್ಪರ್ ಆಗಿದ್ದವಳು ಟೈಲರ್ ಆಗ್ತೀನಿ ಎಂದಾಗ ಹೇಳಿದರು. ಮನೆಯಲ್ಲೇ ಓದಿ ಎಸ್ಸೆಸ್ಸೆಲ್ಸಿ ಕಟ್ಟಿದಾಗ ಹೇಳಿದರು. ಮದುವೆ ಬೇಡ, ಒಬ್ಬಳೇ ಇರ್ತೀನಿ ಎಂದಾಗಲಂತೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೇಳಿದರು. ಅವರು ಆಗಲ್ಲ ಎಂದದ್ದೆಲ್ಲ ಒಂದೊಂದಾಗಿ ಆಗುತ್ತಾ ಹೋಗಿ ನಾನು ಫ್ಲೋರ್ ಇನ್‌ಚಾರ್ಜ್ ಆದೆ. ಅಷ್ಟರಲ್ಲಿ ನಮ್ಮ ಫ್ಯಾಕ್ಟರಿ ಬಾಗಿಲು ಹಾಕಿಕೊಂಡಿತು.

ಭಾವನಿಗೆ ಮತ್ತೆ ಮಾತು ಸಿಕ್ಕಿತು. "ಇಂಗೆ ಈ ವಯಸ್ನಾಗೆ ಕೆಲಸ ಕೆಲಸ ಅಂತ ತಿರುಗಬ್ಯಾಡ ಕಣಮ್ಮ. ರೆಸ್ಯೂಮೆ ಗಿಸ್ಯೂಮೆ ಎಲ್ಲ ನಿನ್ ಕೈಲಾಗಲ್ಲ. ನಮ್ ಮ್ಯಾಲಿನ ರೂಮ್‌ಗಳಾಗೆ ಕಾಲೇಜ್ ಹುಡುಗ್ರವೆ, ಅವ್ರಿಗೆ ಅಡಿಗೆ ಮಾಡ್ಕಂಡಿರು. ನಿಂಗೂ ಊಟ ಆಯ್ತದೆ. ದೀಪಾವಳಿಗೆ ಟೆಂಪೋ ಕಳಿಸ್ತೀನಿ, ಸಾಮಾನು ಕಟ್ಕಂಡು ಬಂದ್ಬುಡು."

ಸಂಬಳದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಉಳಿದ ಆಯಸ್ಸೆಲ್ಲ ಭಾವನ ಬಾಡಿಗೆದಾರರಿಗೆ ಚಪಾತಿ ಒತ್ತುವುದೇ ಗತಿ. ಹೆಬ್ಬಾಳದ ಒಂದು ದೊಡ್ಡ ಆಫೀಸಿಗೆ ಫೆಸಿಲಿಟಿ ಸೂಪರ್‌ವೈಸರ್ ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಕಸ ಗುಡಿಸುವುದರಿಂದ ಹಿಡಿದು ನೀರು, ಲಿಫ್ಟು, ಕ್ಯಾಂಟೀನಿನವರೆಗೆ ಎಲ್ಲದರ ಮೇಲೂ ಕಣ್ಣಿಡುವ ಕೆಲಸ. ಫ್ಯಾಕ್ಟರಿಯಲ್ಲಿ ನಾನು ಮಾಡುತ್ತಿದ್ದುದೂ ಅದೇ. ಆದರೆ ಮೊದಲು ರೆಸ್ಯೂಮೆ ಕೊಡಬೇಕು.

ಓದುವುದು ನನಗೆ ಕಷ್ಟವಲ್ಲ. ಬೋಂಡಾ ಕಟ್ಟಿಕೊಟ್ಟ ಪೇಪರಿನಿಂದ ಶುರುಮಾಡಿ, ಲೈಬ್ರರಿಯ ಬೀರುಗಳನ್ನು ಮುಗಿಸಿ, ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷನ್ನೂ ಓದಿದವಳು ನಾನು. ಆದರೆ ಓದುವುದು ಬೇರೆ, ನನ್ನ ಬಗ್ಗೆ ನಾನೇ ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದು ಬೇರೆ. ಅದಕ್ಕೇ ಬರೆದುಕೊಡುವವರನ್ನು ಹುಡುಕಿಕೊಂಡು ಹೊರಟೆ. ಈ ಊರಿನಲ್ಲಿ ಎದೆ ಧಸಕ್ಕೆನ್ನುವಂಥ ಸಂಗತಿ ಆಗಾಗ ನಡೆಯುತ್ತಲೇ ಇರುತ್ತದೆ. ಆ ತಿಂಗಳು ಮಾತ್ರ ಒಂದರ ಬೆನ್ನಿಗೊಂದು ನಡೆಯಿತು.

ಕೈಗುಣ

ದಾಸರಹಳ್ಳಿಯಲ್ಲಿ ರೆಸ್ಯೂಮೆ ಯಾರು ಚೆನ್ನಾಗಿ ಬರೆಯುತ್ತಾರೆ ಎಂದು ಕೇಳಿ ನೋಡಿ, ಬರವಣಿಗೆಯ ಮಾತನ್ನು ಯಾರೂ ಎತ್ತುವುದಿಲ್ಲ. ಡಾಕ್ಟರ ವಿಷಯ ಹೇಳಿದ ಹಾಗೆ ಹೇಳುತ್ತಾರೆ. "ಬಸ್ ಸ್ಟಾಪ್ ಹತ್ರ ಜೆರಾಕ್ಸ್ ಅಂಗಡಿಯವ್ರ ಹತ್ರ ಮಾಡ್ಸಿ ಅಕ್ಕ, ಅವ್ರ ಕೈಗುಣ ಚೆನ್ನಾಗಿದೆ," ಎಂದಳು ನಮ್ಮ ಬೀದಿಯ ಹೂವಿನವಳು.

ಅಂಗಡಿಯವರ ಹಣೆಯ ಮೇಲೂ ಕುಂಕುಮ, ಕಂಪ್ಯೂಟರಿನ ಹಣೆಯ ಮೇಲೂ ಕುಂಕುಮ. ನನ್ನ ಹೆಸರು ಕೇಳಿದರು, ಫೋನ್ ನಂಬರ್ ಕೇಳಿದರು, ಬೇರೇನೂ ಕೇಳಲಿಲ್ಲ. ದುಡ್ಡು ತಗೊಂಡು, ಮಷೀನಿನಿಂದ ಬಿಸಿಬಿಸಿಯಾಗಿ ಬಂದ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಕೈಗೆ ಕೊಟ್ಟರು.

ಅಲ್ಲೇ ನಿಂತು ಓದಿದೆ. ನಾನು ಗಂಡಸು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಪೀಣ್ಯದಲ್ಲಿ ಲೇತ್ ಮಷೀನಿನ ಅನುಭವ ಇದೆ. ಬಿಡುವಿನ ವೇಳೆಯಲ್ಲಿ ವಾಲಿಬಾಲ್ ಆಡುತ್ತೇನೆ.

"ಇದು ಬೇರೆ ಯಾರದ್ದೋ ಕೊಟ್ಬಿಟ್ರಿ," ಎಂದೆ.

"ನಿಮ್ದೇ ಅಮ್ಮ. ಮೇಲೆ ನಿಮ್ಮ ಹೆಸ್ರಿದೆಯಲ್ಲ."

"ಗಂಡು ಅಂತ ಇದೆ."

"ಅದನ್ನ ಮುಟ್ಟಬಾರ್ದು. ಇದೇ ರೆಸ್ಯೂಮೆನಲ್ಲಿ ಎಷ್ಟೋ ಜನಕ್ಕೆ ಕೆಲಸ ಆಗಿದೆ. ಒಬ್ಬ ಹುಡುಗ ಬುದ್ಧಿವಂತ ಅಂತ ಹೋಗಿ ಒಂದು ಲೈನ್ ತಿದ್ದಿಸ್ದ. ಇವತ್ತಿಗೂ ಮನೇಲೇ ಕೂತಿದಾನೆ."

ನನ್ನ ಹಿಂದೆ ನಿಂತಿದ್ದ ಹೆಂಗಸು ದನಿಗೂಡಿಸಿದಳು. "ನಿಜ ಅಕ್ಕ. ನಮ್ಮ ಯಜಮಾನ್ರಿಗೂ ಇದ್ರಲ್ಲೇ ಆಗಿದ್ದು."

"ಅವರು ಲೇತ್ ಕೆಲಸದವರಾ?"

"ಅಲ್ಲ. ಕಾರ್ ಓಡಿಸ್ತಾರೆ."

ಸರಿ, ಇಂಟರ್‌ವ್ಯೂನಲ್ಲಿ ವಾಲಿಬಾಲ್ ಬಗ್ಗೆ ಕೇಳಿದರೆ ನಾನೇನು ಹೇಳಲಿ ಎಂದು ಅಂಗಡಿಯವರನ್ನೇ ಕೇಳಿದೆ. ಇಂಥ ಪ್ರಶ್ನೆಗೆಲ್ಲ ಅವರು ಹೆದರುವವರಲ್ಲ.

"ಆಡ್ತೀನಿ ಅನ್ನಿ ಅಮ್ಮ. ಆಫೀಸಲ್ಲಿ ಯಾರೂ ಬಾಲ್ ಇಟ್ಕೊಂಡಿರಲ್ಲ."

ಟೈ ಕಟ್ಟಿದವರು

ಅಗ್ಗದ ಸಹವಾಸ ಸಾಕು, ಪ್ರೊಫೆಷನಲ್ ಹತ್ತಿರವೇ ಹೋಗೋಣ ಎಂದು ಯಲಹಂಕ ಉಪನಗರಕ್ಕೆ ಹೋದೆ. ಗಾಜಿನ ಬಾಗಿಲು, ಒಳಗೆ ಎಸಿ, ಟೈ ಕಟ್ಟಿದ ತರುಣ. ನನ್ನನ್ನು "ಮೇಡಂ" ಎಂದು ಕರೆದು, ನೀರು ಕೊಟ್ಟು, ಫೀಸು ಪೂರ್ತಿ ಮೊದಲೇ ತಗೊಂಡ.

"ನಿಮ್ಮ ಕೆಲಸದ ಬಗ್ಗೆ ಫ್ರೀಯಾಗಿ ಮಾತಾಡಿ ಮೇಡಂ," ಎಂದ. ಮಾತಾಡಿದೆ. ಫ್ಯಾನಿನ ಕೆಳಗಿನ ಬೆಂಚಿಗಾಗಿ ಇಬ್ಬರು ಟೈಲರ್‌ಗಳು ಜುಟ್ಟು ಹಿಡಿದುಕೊಂಡದ್ದು, ನಾನು ಇಬ್ಬರಿಗೂ ಬೈದು ಬೆಂಚನ್ನೇ ಹೊರಗೆ ಹಾಕಿಸಿದ್ದು. ಫೋನ್ ಹಿಡಿದು ಟಾಯ್ಲೆಟ್ಟಿನಲ್ಲಿ ಕೂರುವವರ ಬಾಗಿಲು ಬಡಿದು ಎಬ್ಬಿಸುತ್ತಿದ್ದದ್ದು. ಒಂದು ವರ್ಷ ಎಲ್ಲರನ್ನೂ ಬಸ್ಸಿನಲ್ಲಿ ತಿರುಪತಿಗೆ ಕರೆದುಕೊಂಡು ಹೋಗಿದ್ದು. ಅಂಗಿಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ಕೇಳಿದಾಗ, "ಪೆಟ್ಟಿಗೆ ಮೇಲೆ ಫ್ರಾನ್ಸ್ ಅಂತ ಬರೆದಿರ್ತಿತ್ತು," ಎಂದೆ. ಆತ ಟಕಟಕನೆ ಟೈಪ್ ಹೊಡೆಯುತ್ತಲೇ ಇದ್ದ. ಇಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿದ ಗಂಡಸನ್ನು ನಾನು ಅದುವರೆಗೂ ನೋಡಿರಲಿಲ್ಲ.

ಎರಡು ದಿನ ಬಿಟ್ಟು ಹೋದೆ. ದಪ್ಪ ಕಾಗದದಲ್ಲಿ ಮೂರು ಪುಟ. ಮನೆಗೆ ಬಂದು ಡಿಕ್ಷನರಿ ಬಿಚ್ಚಿಕೊಂಡು ಕೂತೆ. ಬೆಂಚಿನ ಜಗಳ ಏನಾಗಿತ್ತು ಗೊತ್ತೇ? ಭಿನ್ನ ಸಂಸ್ಕೃತಿಗಳ ನಡುವಿನ ಬಿಕ್ಕಟ್ಟನ್ನು ಮಾತುಕತೆಯ ಮೂಲಕ ಪರಿಹರಿಸಿದ ಅನುಭವ. ಟಾಯ್ಲೆಟ್ ಬಾಗಿಲು ಬಡಿದದ್ದು, ಉತ್ಪಾದನಾ ಸಮಯದ ನಿರ್ವಹಣೆಗೆ ನೂತನ ತಂತ್ರ. ತಿರುಪತಿ, ಅಂತರರಾಜ್ಯ ತಂಡದ ನಾಯಕತ್ವ. ಇಷ್ಟರವರೆಗೆ ಹೇಗೋ ಉಸಿರು ಬಿಗಿಹಿಡಿದು ಓದಿದೆ. ಕೊನೆಯ ಪುಟದಲ್ಲಿ, ತಿಳಿದ ಭಾಷೆಗಳು ಎಂಬಲ್ಲಿ, ಕನ್ನಡದ ಕೆಳಗೆ ಫ್ರೆಂಚ್ ಇತ್ತು.

ಮಾರನೆಯ ದಿನವೇ ವಾಪಸ್ ಹೋಗಿ ಹಾಳೆಗಳನ್ನು ಅವನ ಮುಂದೆ ಇಟ್ಟೆ. "ಇದರಲ್ಲಿ ಒಂದು ಲೈನೂ ನಿಜ ಇಲ್ಲ."

ಅವನ ಮುಖದಲ್ಲಿ ನನಗಿಂತ ಹೆಚ್ಚು ಗಾಬರಿ ಕಾಣಿಸಿತು. "ಮೇಡಂ, ನೀವು ಓದ್ಬಿಟ್ರಾ?"

"ದುಡ್ಡು ಕೊಟ್ಟು ಬರೆಸಿದ್ದನ್ನ ಓದದೆ ಇರ್ತೀನಾ?"

"ನಮ್ಮ ಕಸ್ಟಮರ್ಸ್ ಯಾರೂ ಓದಲ್ಲ ಮೇಡಂ, ಡೈರೆಕ್ಟಾಗಿ ಕಳಿಸ್ತಾರೆ. ಓದಿದ್ರೆ ಅವ್ರಿಗೇ ನಂಬಿಕೆ ಬರಲ್ವಲ್ಲ."

ಕುಕ್ಕರ್ ಕೂಗುವ ಕಂಪನಿ

ದುಡ್ಡು ವಾಪಸ್ ಕೇಳಿದೆ. ಅದು ಅವರ ಪಾಲಿಸಿಯಲ್ಲಿ ಇರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಟೆಂಪೋದವನ ಹತ್ತಿರ ಮಾತಾಡಿದ್ದೇನೆ ಎಂದು ಭಾವ ಫೋನ್ ಮಾಡಿ ಹೇಳಿದರು. ನಮ್ಮ ಫ್ಯಾಕ್ಟರಿಯ ಹಳೇ ಟೈಲರ್ ಒಬ್ಬಳು ಯಶವಂತಪುರದವರೊಬ್ಬರ ವಿಳಾಸ ಕೊಟ್ಟಳು. ರೈಲ್ವೆ ಸ್ಟೇಷನ್ನಿನ ಹತ್ತಿರ, ಲಾಡ್ಜಿನ ಮೇಲಿನ ರೂಮು. ಬಿಳಿ ಶರ್ಟು ಹಾಕಿದ, ಮೃದುವಾಗಿ ಮಾತಾಡುವ ಮನುಷ್ಯ.

"ಯಾವ ಕಂಪನಿ ಹಾಕ್ಲಿ ಮೇಡಂ?" ಎಂದರು. ಹೋಟೆಲಿನವರು ಸಾದಾನಾ ಮಸಾಲೆನಾ ಎಂದು ಕೇಳಿದ ಹಾಗಿತ್ತು.

"ನಾನು ಕೆಲಸ ಮಾಡಿದ ಕಂಪನಿಯೇ ಇದೆಯಲ್ಲ."

"ಅದು ಮುಚ್ಚಿದೆ. ಮುಚ್ಚಿರೋ ಕಂಪನಿಗೆ ಫೋನ್ ಮಾಡಿದ್ರೆ ಯಾರು ಎತ್ತಾರೆ? ನಮ್ಮ ಕಂಪನಿಗಳು ಹಾಗಲ್ಲ, ಯಾವಾಗ ಮಾಡಿದ್ರೂ ಎತ್ತಾರೆ. ಒಂದು ಆಸ್ಪತ್ರೆ ಹಾಕ್ತೀನಿ, ನಿಮ್ಮ ಮುಖಕ್ಕೆ ಒಪ್ಪುತ್ತೆ."

ಬೇಡ ಎನ್ನುವುದರೊಳಗೆ ಬರೆದು ಮುಗಿಸಿದ್ದರು. ನಾನು ಹೆಸರೇ ಕೇಳದ ಆಸ್ಪತ್ರೆಯೊಂದರಲ್ಲಿ ಆರು ವರ್ಷ ದುಡಿದಿದ್ದೆ. ಕೆಳಗೆ ಎಚ್‌ಆರ್ ನಂಬರ್ ಇತ್ತು. ನನಗೆ ಅನುಮಾನ. ಮೆಟ್ಟಿಲಿಳಿದು ರಸ್ತೆಗೆ ಬಂದು, ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತು, ಹೆಬ್ಬಾಳದ ಆಫೀಸಿನವಳ ಹಾಗೆ ಗಂಟಲು ಸರಿಮಾಡಿಕೊಂಡು ಆ ನಂಬರಿಗೆ ಫೋನ್ ಮಾಡಿದೆ.

"ಹಲೋ, ಎಚ್‌ಆರ್," ಎಂದಿತು ಒಂದು ಹೆಂಗಸಿನ ದನಿ.

"ಯಾವ ಕಂಪನಿ?"

"ನಿಮಗೆ ಯಾವ್ದು ಬೇಕಿತ್ತು ಮೇಡಂ?"

ಆಸ್ಪತ್ರೆಯ ಹೆಸರು ಹೇಳಿದೆ. ಅಷ್ಟರಲ್ಲಿ ಆ ಕಡೆ ಕುಕ್ಕರ್ ಜೋರಾಗಿ ಕೂಗಿತು.

"ಅದೇನು ಸದ್ದು?"

"ಆಂಬುಲೆನ್ಸ್ ಮೇಡಂ. ಎಮರ್ಜೆನ್ಸಿ."

ಆಂಬುಲೆನ್ಸಿನ ಹಿಂದೆ ಒಗ್ಗರಣೆಯೂ ಚಟಪಟ ಎಂದಿತು. ನಾನು ಬಿಡಲಿಲ್ಲ. ನನ್ನ ಹೆಸರನ್ನೇ ಹೇಳಿ, ಈಕೆ ನಿಮ್ಮಲ್ಲಿ ಕೆಲಸ ಮಾಡಿದ್ದಾರಾ ಎಂದು ಕೇಳಿದೆ.

"ಅಯ್ಯೋ, ಅವರಾ? ಬಂಗಾರದಂಥ ಮನುಷ್ಯರು. ಬಿಟ್ಟು ಹೋದ ದಿನ ಪೇಷೆಂಟ್‌ಗಳೆಲ್ಲ ಅತ್ತಿದ್ರು."

ಕೇಳುತ್ತಾ ಕೇಳುತ್ತಾ, ನಾಚಿಕೆಗೇಡು, ನನಗೆ ಒಂದು ಕ್ಷಣ ಸಂತೋಷವೇ ಆಯಿತು. ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ. "ಅಷ್ಟು ಒಳ್ಳೆಯವರು ಯಾಕೆ ಬಿಟ್ಟರು?" ಎಂದು ಕೇಳಿದೆ.

"ಹೆರಿಗೆಗೆ ರಜಾ ಹೋದೋರು ವಾಪಸ್ ಬರ್ಲಿಲ್ಲ ಮೇಡಂ. ಗಂಡು ಮಗು, ಇಬ್ರೂ ಆರೋಗ್ಯವಾಗಿದಾರೆ."

ಬಾಳೆಹಣ್ಣಿನ ಗಾಡಿ ಹಿಡಿದುಕೊಂಡೆ. ನಲವತ್ತಾರು ವರ್ಷ ಒಂಟಿಯಾಗಿ, ಯಾರ ಬಾಯಿಗೂ ಬೀಳದೆ ಬದುಕಿದವಳಿಗೆ ಆ ತಾಯಿ ಅನ್ನಕ್ಕೆ ಇಟ್ಟುಕೊಂಡೇ ಹೆರಿಗೆ ಮಾಡಿಸಿಬಿಟ್ಟಿದ್ದಳು.

ದುಡ್ಡು ವಾಪಸ್ ಕೊಟ್ಟವರು

ಆರ್.ಟಿ. ನಗರದ ಆಪಾ ಬಗ್ಗೆ ಹೇಳಿದವಳೂ ಅದೇ ಟೈಲರ್. "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದರೆ, "ಅವ್ರು ಬೈತಾರೆ ಅಕ್ಕ," ಎಂದಳು. ನನಗೂ ಬೈಯುವವರ ಮೇಲೇ ನಂಬಿಕೆ ಜಾಸ್ತಿ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ಇವರು ಅರವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಮನೆಯಲ್ಲಿ ಉರ್ದು, ನಮ್ಮಂಥವರ ಜೊತೆ ಗಟ್ಟಿ ಕನ್ನಡ. ಮೊದಲು ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂದ ಅರ್ಜಿಗಳನ್ನು ನೋಡುತ್ತಿದ್ದವರು, ರಿಟೈರ್ ಆದ ಮೇಲೆ ಮನೆಯ ಡೈನಿಂಗ್ ಟೇಬಲ್ ಮೇಲೆ ರೆಸ್ಯೂಮೆ ಬರೆದುಕೊಡುತ್ತಿದ್ದರು. ಅವರೂ ಫೀಸು ಮೊದಲೇ ತಗೊಂಡರು. ನನ್ನ ಮನಸ್ಸು ಕುಸಿಯಿತು.

"ನಿಮಗೆ ಏನು ಬರಲ್ಲ, ಅದು ಹೇಳಿ ಮೊದಲು," ಎಂದರು.

"ಇಂಗ್ಲಿಷ್ ಓದ್ತೀನಿ, ಮಾತಾಡೋಕೆ ಬರಲ್ಲ. ಕಂಪ್ಯೂಟರ್ ಅಷ್ಟಕ್ಕಷ್ಟೆ. ಸಿಹಿಯಾಗಿ ಮಾತಾಡೋಕೆ ಬರಲ್ಲ."

"ಮೂರನೇದು ನೋಡಿದ್ರೇ ಗೊತ್ತಾಗುತ್ತೆ." ಬರೆದುಕೊಂಡರು. "ಈಗ ಇದು ಹೇಳಿ. ಫ್ಯಾಕ್ಟರೀಲಿ ನಿಮ್ಮ ಮೇಲೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಯಾರಿಗೆ?"

"ಕ್ಯಾಂಟೀನ್ ಕಂಟ್ರ್ಯಾಕ್ಟರಿಗೆ," ಎಂದೆ. ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಕ್ಯಾಂಟೀನಿನ ಉಸ್ತುವಾರಿಯೂ ನನ್ನದೇ ಆಗಿತ್ತು. ಅವನು ಸಾಂಬಾರು ಎಂದು ಕಳಿಸುತ್ತಿದ್ದುದು, ನಾನು ಅಲ್ಲ ಎಂದು ವಾಪಸ್ ಕಳಿಸುತ್ತಿದ್ದುದು, ಹೀಗೆ ವರ್ಷಗಟ್ಟಲೆ ನಡೆದಿತ್ತು.

"ನಂಬರ್ ಕೊಡಿ."

"ಯಾಕೆ ಆಪಾ?"

"ರೆಫರೆನ್ಸಿಗೆ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಆಪಾ, ನನ್ನ ಹೆಸರು ಕೇಳಿದ್ರೆ ಅವನು ಊಟ ಬಿಟ್ಟು ಏಳ್ತಾನೆ."

"ಅರೆ, ಅದಕ್ಕೇ ಅವನೇ ಬೇಕು. ಅಷ್ಟು ವರ್ಷ ನಾನೇ ರೆಫರೆನ್ಸಿಗೆ ಫೋನ್ ಮಾಡ್ತಿದ್ದೆ. ಸಾಹೇಬರುಗಳು ಏನ್ ಹೇಳ್ತಾರೆ? ಗುಡ್, ವೆರಿ ಗುಡ್. ಫೋನ್ ಇಟ್ಟ ಮೇಲೆ ನನ್ಗೆ ಏನೂ ಗೊತ್ತಾಗ್ತಿರ್ಲಿಲ್ಲ. ಸಿಟ್ಟಲ್ಲಿ ಇರೋರು ಹಾಗಲ್ಲ, ವಿವರವಾಗಿ ಹೇಳ್ತಾರೆ. ಯಾವ ದಿನ, ಯಾವ ಪಾತ್ರೆ, ಎಲ್ಲಾ ಹೇಳ್ತಾರೆ."

"ಅವನು ನನ್ನ ಮಾನ ಕಳೀತಾನೆ. ನನಗೆ ಈ ಕೆಲಸ ಬೇಕೇ ಬೇಕು ಆಪಾ. ಸಿಗಲಿಲ್ಲ ಅಂದ್ರೆ ಭಾವನ ಮನೇಲಿ ಒಲೆ ಮುಂದೆ ನಿಲ್ಲಬೇಕು. ಅದನ್ನ ತೆಗೀರಿ."

ಆಪಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಪರ್ಸಿನಿಂದ ನಾನು ಕೊಟ್ಟ ನೋಟುಗಳನ್ನೇ ತೆಗೆದು ಮೇಜಿನ ಮೇಲಿಟ್ಟರು. "ತಗೊಳ್ಳಿ. ಬೇರೆ ಕಡೆ ಹೋಗಿ. ನನ್ನ ರೀತಿ ಬೇಡ ಅನ್ನೋರ ದುಡ್ಡು ನನ್ಗೆ ಬೇಡ."

ಬೇರೆ ಕಡೆ ಹೇಗಿರುತ್ತದೆ ಎಂದು ನಾನು ನೋಡಿಕೊಂಡೇ ಬಂದಿದ್ದೆ. ಅಷ್ಟು ದಿನದಲ್ಲಿ ದುಡ್ಡು ವಾಪಸ್ ಕೊಟ್ಟವರು ಇವರೊಬ್ಬರೇ. ನಾನು ಹಟಮಾರಿ, ನಿಜ, ಆದರೆ ಆವತ್ತು ನನ್ನಂಥ ಇನ್ನೊಬ್ಬಳ ಮುಂದೆ ಕೂತಿದ್ದೆ. ನೋಟುಗಳನ್ನು ಅವರ ಕಡೆಗೇ ತಳ್ಳಿ ನಂಬರ್ ಹೇಳಿದೆ.

ಒಂದೇ ಪುಟ ಬರೆದುಕೊಟ್ಟರು. ಕೊನೆಯ ಸಾಲಿನಲ್ಲಿ ಕಂಟ್ರ್ಯಾಕ್ಟರನ ನಂಬರ್ ಹಾಕಿ ಹೀಗೆ ಬರೆದಿದ್ದರು: ಇವರಿಗೂ ನನಗೂ ಆಗಿಬರುವುದಿಲ್ಲ, ದಯವಿಟ್ಟು ಇವರಿಗೇ ಫೋನ್ ಮಾಡಿ. ಅದನ್ನು ಕಳಿಸಿದ ದಿನ ನನಗೆ ಅನ್ನ ಸೇರಲಿಲ್ಲ.

ಸ್ಪೀಕರ್ ಫೋನು

ಹೆಬ್ಬಾಳದಿಂದ ಕರೆ ಬಂತು. ಮ್ಯಾನೇಜರ್ ಚುಟುಕಾಗಿ ಮಾತಾಡುವ ಮನುಷ್ಯ, ನನ್ನ ಪುಣ್ಯಕ್ಕೆ ಕನ್ನಡದವರು. ಪುಟವನ್ನು ಮೇಲಿನಿಂದ ಓದುತ್ತಾ ಬಂದವರು ಕೊನೆಯ ಸಾಲಿಗೆ ಬಂದು ನಿಂತುಬಿಟ್ಟರು. ಒಮ್ಮೆ ನನ್ನ ಮುಖ ನೋಡಿದರು, ಇನ್ನೊಮ್ಮೆ ಹಾಳೆ ನೋಡಿದರು.

"ಮಾಡ್ಲಾ?"

"ಮಾಡಿ ಸಾರ್," ಎಂದೆ.

ಅವರು ಮೊಬೈಲನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಎರಡು ರಿಂಗಿಗೇ ಕಂಟ್ರ್ಯಾಕ್ಟರ್ ಎತ್ತಿದ. ಮ್ಯಾನೇಜರ್ ನನ್ನ ಹೆಸರು ಹೇಳಿದರು.

"ಆಯಮ್ಮನಾ? ನಿಮಗೆ ನನ್ನ ನಂಬರ್ ಯಾರು ಕೊಟ್ರು ಸಾರ್?"

"ಅವರೇ ಕೊಟ್ಟಿದ್ದಾರೆ."

"ನೋಡಿ ಸಾರ್ ಆಯಮ್ಮನ ಧೈರ್ಯ." ಆಮೇಲೆ ಆಪಾ ಹೇಳಿದ ಹಾಗೇ ಆಯಿತು, ಮನುಷ್ಯ ವಿವರಕ್ಕೆ ಇಳಿದ. "ಕೈ ಮುಗೀತೀನಿ, ಆಯಮ್ಮನ್ನ ಮಾತ್ರ ತಗೋಬೇಡಿ. ಸಾಂಬಾರು ಬಂದ ತಕ್ಷಣ ಸೌಟು ಹಾಕಿ ತಳದಿಂದ ಎತ್ತಿ ನೋಡೋಳು. ಬೇಳೆ ಇಲ್ಲ ಅಂತ ಪಾತ್ರೆ ಪಾತ್ರೇನೇ ವಾಪಸ್ ಕಳಿಸಿದಾಳೆ. ಟ್ರಾಫಿಕ್‌ನಲ್ಲಿ ಸಾಂಬಾರು ವಾಪಸ್ ಹೊತ್ಕೊಂಡು ಬಂದ ಕಂಟ್ರ್ಯಾಕ್ಟರ್ ಈ ಊರಲ್ಲಿ ನಾನೊಬ್ನೇ ಸಾರ್."

"ಮತ್ತೆ?"

"ಆಯುಧಪೂಜೆಗೆ ಬೆಳ್ಳಿ ದೀಪ ಕೊಟ್ಟೆ, ಸಂಬಂಧ ಚೆನ್ನಾಗಿರ್ಲಿ ಅಂತ. ತಗೊಂಡ್ಳಾ? ಇದ್ರ ದುಡ್ಡಿಗೆ ಹೆಣ್ಮಕ್ಳಿಗೆ ಗಟ್ಟಿ ಮೊಸರು ಹಾಕಿಸು ಅಂದ್ಳು. ಹಾಕ್ಸೋವರ್ಗೂ ಬಿಡ್ಲಿಲ್ಲ."

ನಾನು ತಲೆ ತಗ್ಗಿಸಿ ಕೂತಿದ್ದೆ. ಚಪಾತಿ ಹಿಟ್ಟಿನ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು.

"ರಜಾ ಜಾಸ್ತಿ ಹಾಕ್ತಿದ್ರಾ?" ಎಂದು ಮ್ಯಾನೇಜರ್ ಕೇಳಿದರು.

"ರಜಾ ಹಾಕಿದ್ರೆ ನಾನು ಬದುಕ್ಕೊಳ್ತಿದ್ದೆ ಸಾರ್. ಒಂದ್ಸಲ ಆಯಮ್ಮಂಗೆ ಜ್ವರ ಅಂತ ಗೊತ್ತಾಗಿ, ಖುಷಿಯಾಗಿ ಸಾಂಬಾರು ತೆಳ್ಳಗೆ ಮಾಡ್ಸಿದ್ದೆ. ಶಾಲು ಹೊದ್ಕೊಂಡು ಬಂದು ಸೌಟು ಹಾಕಿದ್ಳು."

"ಹಾಗಾದ್ರೆ ತಗೋಬೇಡಿ ಅಂತೀರಾ?"

"ಬೇಡವೇ ಬೇಡ. ಅಂದ ಹಾಗೆ ಯಾವ ಆಫೀಸ್ ಸಾರ್ ಇದು?"

ಮ್ಯಾನೇಜರ್ ಕಂಪನಿಯ ಹೆಸರು ಹೇಳಿದರು. ಹೆಬ್ಬಾಳ ಎಂದೂ ಹೇಳಿದರು. ಲೈನ್ ಕಟ್ಟಾಯಿತೇನೋ ಎಂದು ಇಬ್ಬರೂ ಫೋನಿನ ಕಡೆ ಬಗ್ಗಿದೆವು.

"ಸಾರ್," ಎಂದ ಕಂಟ್ರ್ಯಾಕ್ಟರ್. ದನಿ ಪೂರ್ತಿ ಬೇರೆ ಆಗಿತ್ತು. "ನಿಮ್ಮ ಕ್ಯಾಂಟೀನಿಗೆ ನಾನೇ ಕೊಟೇಶನ್ ಹಾಕಿದೀನಿ. ಪರ್ಚೇಸ್‌ನವ್ರ ಹತ್ರ ಇದೆ."

"ಸರಿ, ಅದಕ್ಕೇನೀಗ?"

"ಆಯಮ್ಮನ್ನ ತಗೊಳ್ಳೋದು ಖಾಯಂ ಆದ್ರೆ ಅದನ್ನ ವಾಪಸ್ ಕೊಟ್ಬಿಡಿ ಸಾರ್, ಬೇರೆ ಹಾಕ್ತೀನಿ. ಬೇಳೆ ಹಾಕಿ ಮಾಡೋದಾದ್ರೆ ರೇಟು ಬೇರೆ."

ಮ್ಯಾನೇಜರ್ ಫೋನ್ ಇಟ್ಟು ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತರು. ಭುಜ ಅಲುಗುತ್ತಿತ್ತು. ತಿರುಗಿದಾಗ ಕಣ್ಣಲ್ಲಿ ನೀರು. "ಸೋಮವಾರದಿಂದ ಬರ್ತೀರಾ ಅಮ್ಮ?" ಎಂದು ಕೇಳಿದರು. ಬರ್ತೀನಿ ಸಾರ್ ಎಂದೆ.

ಈಗ ನನ್ನದು ಎಂದು ಹೇಳಿಕೊಳ್ಳಲು ಹೆಬ್ಬಾಳದಲ್ಲಿ ಒಂದು ಕೆಲಸವಿದೆ, ಬೀಗ ಹಾಕಬಹುದಾದ ಒಂದು ಮೇಜಿದೆ, ಪ್ರತಿ ಸಾಲೂ ನಿಜವಾಗಿರುವ ಒಂದು ಪುಟವಿದೆ. ಅದಕ್ಕೆ ಬಿದ್ದ ಖರ್ಚು: ಮೂರು ಕಡೆ ಸುಮ್ಮನೆ ಕಳೆದುಕೊಂಡ ದುಡ್ಡು, ಆಪಾ ಫೀಸು, ಮತ್ತು ಫ್ಯಾಕ್ಟರಿಯಲ್ಲಿದ್ದಷ್ಟು ವರ್ಷವೂ ಒಬ್ಬರ ಬಾಯಲ್ಲೂ ಒಳ್ಳೆಯವಳು ಅನ್ನಿಸಿಕೊಳ್ಳದೆ ಬದುಕಿದ್ದು.